ಹಾರೋಹಳ್ಳಿಯ ಕೇಳುವ ಕೋಣೆ

ನನಗೆ ಸಂಬಳ ಕೊಡುತ್ತಿದ್ದದ್ದು ಕೇಳುವುದಕ್ಕೆ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಮನೆಬಳಕೆಯ ಸ್ಪೀಕರ್, ಹೋಂ ಥಿಯೇಟರ್ ಮಾಡುವ ಒಂದು ಕಾರ್ಖಾನೆ. ಅಲ್ಲಿ ತಯಾರಾದ ಪೆಟ್ಟಿಗೆಯ ಸದ್ದು ಸರಿಯಿದೆಯೋ ಇಲ್ಲವೋ ಎಂದು ಹೇಳುವುದು ನನ್ನ ಕೆಲಸ. ಕನಕಪುರದಲ್ಲಿ ನಾನು ಓದಿದ ಕಾಲೇಜಿನ ಇಬ್ಬರು ಹುಡುಗಿಯರು ಈಚೆಗೆ ಅದೇ ಕೆಲಸಕ್ಕೆ ಸೇರಿದ್ದಾರೆ. ಫೋನ್ ಮಾಡಿ, "ಏನು ಓದಿಕೊಂಡು ಹೋಗಬೇಕು ಮೇಡಂ?" ಎಂದು ಕೇಳಿದರು. ಓದಿಕೊಂಡು ಹೋಗುವಂಥದ್ದು ಹೆಚ್ಚೇನಿಲ್ಲ. ಆ ಕೆಲಸ ಏನಾಗಿತ್ತು, ಕೊನೆಗೆ ಏನಾಯಿತು ಎನ್ನುವುದಾದರೂ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ಧೈರ್ಯ ತುಂಬುವ ಮಾತು ಸಿಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ನಮ್ಮೂರು ಕೋಡಿಹಳ್ಳಿ ಕಡೆ. ರಾಗಿ, ಹಿಪ್ಪುನೇರಳೆ, ನಾಲ್ಕು ದನ. ನಮ್ಮ ಮನೆತನದಲ್ಲಿ ಡಿಗ್ರಿ ಅಂತ ಮಾಡಿದವಳು ನಾನೇ ಮೊದಲು. ಬಿ.ಎಸ್ಸಿ., ಎಲೆಕ್ಟ್ರಾನಿಕ್ಸ್ ಸೇರಿ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಬಸ್ಸು ತಪ್ಪಿದರೆ ಲ್ಯಾಬು ತಪ್ಪಿತು ಎನ್ನುವ ದಿನಗಳವು. ಕೆಲಸ ಸಿಕ್ಕಿತೆಂದು ಮನೆಗೆ ಬಂದು ಹೇಳಿದಾಗ ನಮ್ಮಪ್ಪ ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು.

"ಏನ್ ಕೆಲ್ಸವ್ವಾ?"

"ಸ್ಪೀಕರ್ ಸದ್ದು ಕೇಳಿ ಹೆಂಗಿದೆ ಅಂತ ಹೇಳೋದು."

ಅಪ್ಪ ಒಸಿ ಹೊತ್ತು ಅಗಿದರು. "ಡಿಗ್ರಿ ಓದಿ ಹಾಡು ಕೇಳಕ್ಕೆ ಸಂಬ್ಳ ಕೊಡ್ತಾರಾ? ಊರಲ್ಲಿ ಯಾರ್ಗೂ ಹೇಳ್ಬ್ಯಾಡ ಕಣವ್ವ. ಫ್ಯಾಕ್ಟ್ರಿ ಅಂತ ಮಾತ್ರ ಅನ್ನು."

ಹಾಗೆಯೇ ಅಂದೆ. ಇವತ್ತಿಗೂ ನಮ್ಮೂರಲ್ಲಿ ಅರ್ಧ ಜನಕ್ಕೆ ನಾನು ಫ್ಯಾಕ್ಟರಿಯಲ್ಲಿ ವೈರು ಬೆಸುಗೆ ಹಾಕುತ್ತಿದ್ದೆ ಎಂದೇ ನಂಬಿಕೆ.

ನನ್ನನ್ನು ಆರಿಸಿದವರು ಮೂರ್ತಿ ಸರ್. ಗುಣಮಟ್ಟ ವಿಭಾಗದ ಮುಖ್ಯಸ್ಥರು, ಬೆಂಗಳೂರಿನವರು, ನಗುವುದು ಕಡಿಮೆ. ಸಂದರ್ಶನದಲ್ಲಿ ಕಪ್ಪು ಬಟ್ಟೆಯ ಹಿಂದೆ ಎರಡು ಪೆಟ್ಟಿಗೆ ಇಟ್ಟು, ಒಬ್ಬರು ವಾರ್ತೆ ಓದುವುದನ್ನು ಎರಡರಲ್ಲೂ ಕೇಳಿಸಿದರು. ಏನು ವ್ಯತ್ಯಾಸ ಎಂದು ಕೇಳಿದರು. ನನಗಿಂತ ಮುಂಚೆ ಹೋದವರು ಸೂಪರ್, ಎಕ್ಸಲೆಂಟ್ ಎಂದು ಬಂದಿದ್ದರು. ನನಗೆ ಇಂಗ್ಲಿಷು ಅಷ್ಟು ಓಡುತ್ತಿರಲಿಲ್ಲ. "ಇದರಲ್ಲಿ ಮಾತಾಡೋರು ಕಂಬಳಿ ಹೊದ್ಕೊಂಡವ್ರೆ ಸರ್. ಅದರಲ್ಲಿ ನನ್ನ ಎದುರಿಗೇ ಕೂತವ್ರೆ" ಅಂದೆ. ಮೂರ್ತಿ ಸರ್ ಪೆನ್ನು ಕೆಳಗಿಟ್ಟು, "ಈ ಮಾತನ್ನ ಇನ್ನೊಂದು ಸಲ ಹೇಳಿ" ಎಂದರು.

ನಮ್ಮ ಕೋಣೆಯ ಭಾಷೆ ಹುಟ್ಟಿದ್ದು ಹಾಗೆ. ಈ ವಿದ್ಯೆಯ ಪುಸ್ತಕಗಳೆಲ್ಲ ಇಂಗ್ಲಿಷಿನವು. ಅದರಲ್ಲಿರುವ ಪದಗಳನ್ನು ಬಾಯಿಪಾಠ ಮಾಡಿದರೆ ಐದು ಜನ ಐದು ಅರ್ಥ ಇಟ್ಟುಕೊಳ್ಳುತ್ತಿದ್ದರು. ಕೇಳುವವರೆಲ್ಲ ಈ ಸುತ್ತಿನವರು, ಉಣ್ಣುವುದು ಒಂದೇ ಊಟ. ಅದಕ್ಕೇ ಊಟದ ಮಾತೇ ಇಟ್ಟುಕೊಂಡೆವು. ಬೇಸ್, ಅಂದರೆ ಕೆಳಗಿನ ದಪ್ಪ ಸದ್ದು, ಮುದ್ದೆ. ಹದವಾಗಿದ್ದರೆ ಮುದ್ದೆ ನಿಂತಿದೆ ಎನ್ನುತ್ತಿದ್ದೆವು. ಹರಡಿಕೊಂಡು ಎಲ್ಲದರ ಮೇಲೂ ಹರಿದರೆ ಅಂಬಲಿ. ಮೇಲಿನ ಸದ್ದು ಒರಟಾಗಿ ಕಿವಿಗೆ ಚುಚ್ಚಿದರೆ ನುಚ್ಚು. ಮಾತು ಮಸುಕಾದರೆ ಕಂಬಳಿ. ಮೂರ್ತಿ ಸರ್ ಅದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಹೆಡ್ ಆಫೀಸಿಗೆ ಕಳಿಸುತ್ತಿದ್ದರು. ಹೊಸದಾಗಿ ಬಂದವರಿಗೆ ಒಂದೊಂದು ದೋಷವನ್ನೂ ಬೇಕೆಂದೇ ಮಾಡಿ ಕೇಳಿಸಿ, "ಇದು ಅಂಬಲಿ, ನೆನಪಿಟ್ಟುಕೊ" ಎಂದು ಕಲಿಸುತ್ತಿದ್ದೆವು. ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವುದು ಆ ಕೋಣೆಯಲ್ಲಿ ಉತ್ತರವೇ ಅಲ್ಲ. ಎಲ್ಲಿ, ಯಾವ ದನಿಯಲ್ಲಿ, ಏನು ಕೆಟ್ಟಿದೆ ಎಂದು ಹೇಳಬೇಕಿತ್ತು.

ಕೋಣೆಗೆ ಕಟ್ಟುಪಾಡುಗಳಿದ್ದವು. ನೆಗಡಿ ಆಗಿದ್ದರೆ ಆ ದಿನ ಒಳಗೆ ಬರುವಂತಿಲ್ಲ. ಗಂಜಿ ಹಾಕಿದ ಸೀರೆ ಉಡುವಂತಿಲ್ಲ, ಸರಬರ ಅನ್ನುತ್ತದೆ. ಕಾಲ್ಗೆಜ್ಜೆ ಇಲ್ಲ, ಬೀಗದ ಕೈ ಗೊಂಚಲು ಇಲ್ಲ. ಗಾಜಿನ ಬಳೆಯೂ ಇಲ್ಲ. ಅಲ್ಲಿ ಜಗಳವಾಯಿತು. ಮದುವೆಯಾದ ನಾವು ಮೂರು ಜನ ಹೆಂಗಸರು ಬಳೆ ಬಿಚ್ಚುವುದಿಲ್ಲ ಎಂದು ಹಟ ಹಿಡಿದೆವು. ಓದಿದವಳು ನೀನೂ ಹಿಂಗಂತೀಯಾ ಎಂದರೆ ಅನ್ನಲಿ, ಬರಿಗೈಯಲ್ಲಿ ದಿನಾ ಕೂರುವುದಕ್ಕೆ ನನಗೆ ಮನಸ್ಸಿರಲಿಲ್ಲ. ಕೆಲವು ದಿನ ಬಳೆಯ ಮೇಲೆ ಕರ್ಚೀಫು ಸುತ್ತಿಕೊಂಡು ಕೂತೆವು. ಆಮೇಲೆ ಮೂರ್ತಿ ಸರ್ ಚನ್ನಪಟ್ಟಣದಿಂದ ಅರಗು ಬಣ್ಣದ ಮರದ ಬಳೆ ತಂದುಕೊಟ್ಟರು. ಒಂದಕ್ಕೊಂದು ತಾಗಿದರೂ ಸದ್ದಿಲ್ಲ. ಟೆಕ್ನಿಷಿಯನ್ ನಿಂಗರಾಜು, "ಸಾರು ನಿಮ್ಗೆಲ್ಲ ಬಳೆ ತೊಡುಸ್ಬುಟ್ರು, ಇನ್ನು ಸೀಮಂತ ಯಾವತ್ತಕ್ಕಾ?" ಎಂದು ವಾರವೆಲ್ಲ ಕಾಡಿದ.

ಈ ನಿಂಗರಾಜು ಕನಕಪುರದವನು, ಐಟಿಐ ಮಾಡಿದ್ದ. ಬಟ್ಟೆಯ ಹಿಂದೆ ಪೆಟ್ಟಿಗೆ ಬದಲಿಸುವುದು, ಎರಡರ ಸದ್ದಿನ ಮಟ್ಟವನ್ನು ಮೀಟರಿಟ್ಟು ಒಂದೇ ಸಮ ಮಾಡುವುದು ಅವನ ಕೆಲಸ. ಈ ಒಂದು ಮಾತನ್ನು ಹುಡುಗಿಯರು ಮರೆಯಬಾರದು: ಎರಡರಲ್ಲಿ ಕೂದಲೆಳೆಯಷ್ಟು ಜೋರಾಗಿರುವುದನ್ನೇ ಕಿವಿ ಚೆನ್ನಾಗಿದೆ ಎನ್ನುತ್ತದೆ. ಎಷ್ಟೇ ಪಳಗಿದ ಕಿವಿಯಾದರೂ ಅಷ್ಟೇ. ಮಟ್ಟ ಸಮ ಮಾಡದೆ ಹೋಲಿಸಿದರೆ ಅದು ಪರೀಕ್ಷೆಯೇ ಅಲ್ಲ.

ಇನ್ನೊಂದು ಮೋಸ ಇದೆ. ಒಮ್ಮೆ ಹೆಡ್ ಆಫೀಸಿನ ದೊಡ್ಡವರು ಬಂದಿದ್ದರು. ಒಂದು ಜೋಡಿ ಸ್ಪೀಕರ್ ಕೇಳಿ, "ಎಂಥಾ ವಿಶಾಲವಾದ ಸೌಂಡ್, ಕೋಣೆಯೆಲ್ಲ ತುಂಬಿದೆ" ಎಂದು ತಲೆದೂಗಿದರು. ನನಗೆ ಹಾಡುವವರು ಎಲ್ಲಿದ್ದಾರೆ ಎಂದೇ ತಿಳಿಯುತ್ತಿರಲಿಲ್ಲ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ನಡುವೆ ಅಂತೂ ಇಲ್ಲವೇ ಇಲ್ಲ. ಮುದ್ದೆಯೇ ಮಾಯ. ಒಂದು ಪೆಟ್ಟಿಗೆಗೆ ಕೆಂಪು ವೈರು ಕಪ್ಪು ವೈರು ಅದಲುಬದಲಾಗಿತ್ತು, ಅಷ್ಟೇ. ಒಂದರೊಳಗಿನ ಕೋನು, ಅಂದರೆ ನಡುಗಿ ಸದ್ದು ಹೊರಡಿಸುವ ಬಟ್ಟಲು, ಮುಂದೆ ಬಂದಾಗ ಇನ್ನೊಂದು ಹಿಂದೆ ಹೋಗಿ, ಒಂದರ ಸದ್ದನ್ನು ಇನ್ನೊಂದು ತಿಂದುಹಾಕುತ್ತಿತ್ತು. ಹೇಳಿದೆ. ದೊಡ್ಡವರು ಹೋದ ಮೇಲೆ ಮೂರ್ತಿ ಸರ್ ಅಂದದ್ದು ಇಷ್ಟು: "ನೀವು ಹೇಳಿದ್ದು ಸರಿ. ಅವರ ಮುಂದೆಯೂ ಹೇಳಿದ್ದು ಸರಿಯೇ. ಆದರೆ ಈ ವರ್ಷ ಕೋಣೆಗೆ ಹೊಸ ಫ್ಯಾನು ಬರುವುದಿಲ್ಲ." ಬರಲಿಲ್ಲ.

ಆ ಕೋಣೆಗೆ ಒಂದು ಅಧಿಕಾರವಿತ್ತು. ನಾನು ಇಷ್ಟೆಲ್ಲ ಬರೆಯುತ್ತಿರುವುದು ಅದಕ್ಕೋಸ್ಕರ. ಕೇಳಿದವರು ನಿಲ್ಲಿಸಿ ಎಂದರೆ ಪೆಟ್ಟಿಗೆ ತಯಾರಾಗುವ ಲೈನು ನಿಲ್ಲಬೇಕು. ಪೆಟ್ಟಿಗೆ ಸರಿಯಾಗುವ ತನಕ ಒಂದೂ ಗೇಟು ದಾಟುವಂತಿಲ್ಲ. ಮೂರ್ತಿ ಸರ್ ಮಾಲೀಕರ ಜೊತೆ ಗುದ್ದಾಡಿ ತಂದ ನಿಯಮ. ಕೋಡಿಹಳ್ಳಿಯಿಂದ ಬಂದ ಒಬ್ಬಳು ಹೆಂಗಸು ಬೇಡ ಎಂದರೆ ಅಷ್ಟು ದೊಡ್ಡ ಕಾರ್ಖಾನೆ ಕೈಕಟ್ಟಿ ನಿಲ್ಲುತ್ತಿತ್ತು. ಬಡ್ತಿ, ಸಂಬಳ ಎಲ್ಲ ಬಂತು ಹೋಯಿತು. ನನ್ನ ಓದಿಗೆ ಬೆಲೆ ಎಂದು ನಾನು ಎಣಿಸಿದ್ದು ಅದೊಂದನ್ನೇ. ಅದಕ್ಕಾಗಿ ಕಿವಿಯನ್ನು ಕಣ್ಣಿನಂತೆ ಕಾಪಾಡಿಕೊಂಡೆ. ನೆಂಟರ ಮದುವೆಯಲ್ಲಿ ವಾಲಗದವರಿಂದ ದೂರ ಹೋಗಿ ಕೂರುತ್ತಿದ್ದೆ. "ಓದಿದ ಕೊಬ್ಬು" ಎಂದರು. ಅಂದುಕೊಳ್ಳಲಿ ಎಂದು ಬಿಟ್ಟೆ.

ಒಮ್ಮೆ ಮಾಗಡಿಯಿಂದ ದೂರು ಬಂತು. ಹೊಸ ಹೋಂ ಥಿಯೇಟರಿನಲ್ಲಿ ಗೊರಗೊರ ಸದ್ದು. ಎರಡು ಸಲ ಬದಲಿಸಿ ಕೊಟ್ಟರೂ ಹೋಗಿಲ್ಲ. ನಾನೂ ನಿಂಗರಾಜೂ ಹೋದೆವು. ಮನೆಯವರು ರಂಗಸ್ವಾಮಯ್ಯ ಎಂದು, ಅಂಗಡಿ ಇಟ್ಟವರು. ಹಾಡು ಹಾಕಿದರೆ ನಿಜ, ಒಂದು ಸ್ವರ ಬಂದಾಗಲೆಲ್ಲ ಗೊರಗೊರ. ನಾನು ಕಣ್ಣು ಮುಚ್ಚಿ ಕೇಳಿದೆ. ಸದ್ದು ಸ್ಪೀಕರಿನಿಂದ ಬರುತ್ತಿರಲಿಲ್ಲ. ಅದರ ಮೇಲಿನ ಗಾಜಿನ ಶೋಕೇಸಿನಲ್ಲಿ ತಲೆ ಅಲ್ಲಾಡಿಸುವ ಚನ್ನಪಟ್ಟಣದ ಗೊಂಬೆಗಳ ಒಂದು ದಂಡೇ ಇತ್ತು. ಆ ಒಂದು ಸ್ವರಕ್ಕೆ ಅಷ್ಟೂ ತಲೆಗಳು ಒಟ್ಟಿಗೆ ನಡುಗುತ್ತಿದ್ದವು.

"ಗೊಂಬೆ ಒಸಿ ಆ ಕಡೆ ಇಟ್ರೆ ಸರಿಹೋಯ್ತದೆ ಯಜಮಾನ್ರೇ" ಎಂದ ನಿಂಗರಾಜು.

"ಅದು ನನ್ ಮಗಳು ಮದ್ವೆಗೆ ಮುಂಚೆ ಜೋಡ್ಸಿದ್ದು. ಅಲ್ಲಾಡ್ಸಕೂಡ್ದು. ನಿಮ್ ಸ್ಪೀಕರ್‌ಗೆ ಹೇಳಿ, ಆ ಸ್ವರ ಬುಟ್ಟು ಹಾಡ್ಲಿ."

ನಿಂಗರಾಜು ಒಂದೊಂದು ಗೊಂಬೆಯ ಕತ್ತಿಗೂ ಹತ್ತಿ ತುರುಕಿದ. ಯಜಮಾನರು ಪಕ್ಕದಲ್ಲೇ ನಿಂತು, "ಮೆಲ್ಗಪ್ಪ, ಮೆಲ್ಗೆ, ಅದು ಅಜ್ಜಿ ಗೊಂಬೆ" ಎನ್ನುತ್ತಿದ್ದರು.

ನಗುವ ಮಾತಾಯಿತು. ಆದರೆ ಮೂರ್ತಿ ಸರ್ ನಗಲಿಲ್ಲ. ನಮ್ಮ ಕೋಣೆಯ ಗೋಡೆಗೆಲ್ಲ ಮೆತ್ತೆ, ನೆಲಕ್ಕೆ ಜಮಖಾನ. ಜನರ ಮನೆ ಹಾಗಿರುತ್ತದೆಯೇ? ಅವರು ಪಕ್ಕದಲ್ಲಿ ಇನ್ನೊಂದು ಕೋಣೆ ಕಟ್ಟಿಸಿದರು. ಟೈಲ್ಸ್ ನೆಲ, ಬೀರು, ಪ್ಲಾಸ್ಟಿಕ್ ಕುರ್ಚಿ, ಸರಳಿನ ಕಿಟಕಿ, ಸ್ಟೀಲ್ ಪಾತ್ರೆಯ ಸ್ಟ್ಯಾಂಡು. ನಾವು ಅದನ್ನು ಮನೆ ಎಂದೇ ಕರೆಯುತ್ತಿದ್ದೆವು. ಕೋಣೆಯಲ್ಲಿ ಗೆದ್ದ ಪೆಟ್ಟಿಗೆ ಮನೆಯಲ್ಲೂ ಗೆಲ್ಲಬೇಕು. ನಾನು ಕಂಡ ಬದಲಾವಣೆಗಳಲ್ಲಿ ಒಳ್ಳೆಯದು ಎಂದರೆ ಅದೊಂದೇ.

ಮೂರ್ತಿ ಸರ್ ನಿವೃತ್ತರಾದರು. ಅವರ ಜಾಗಕ್ಕೆ ಅನಿರುದ್ಧ್ ಎನ್ನುವವರು ಬಂದರು. ಚಿಕ್ಕ ವಯಸ್ಸು, ಸಭ್ಯ ಮನುಷ್ಯ. ನನ್ನನ್ನು ಒಂದು ದಿನವೂ ಏಕವಚನದಲ್ಲಿ ಕರೆದವರಲ್ಲ. ಅವರ ಕಾಲದಲ್ಲಿ ಸೌಂಡ್‌ಬಾರ್ ಬಂತು. ಟಿ.ವಿ. ಕೆಳಗೆ ಇಡುವ ತೆಳ್ಳನೆ ಪಟ್ಟಿ, ಜೊತೆಗೆ ನೆಲಕ್ಕೆ ಒಂದು ದಪ್ಪ ಡಬ್ಬ. ಖರ್ಚು ಉಳಿಸಲು ಪಟ್ಟಿಯೊಳಗಿನ ಸ್ಪೀಕರನ್ನು ಬೆರಳು ಗಾತ್ರ ಮಾಡಿ, ಡಬ್ಬದಿಂದ ದಪ್ಪ ಸದ್ದಿನ ಗುದ್ದು ಹೊಡೆಸಿದ್ದರು. ಕೋಣೆಯಲ್ಲಿ ಕೇಳಿದೆವು: ಅಂಬಲಿ. ಮನೆಯಲ್ಲಿ ಕೇಳಿದೆವು: ಅಂಬಲಿ, ಮೇಲೆ ಕಂಬಳಿ. ತ, ದ, ಪ, ಬ ಯಾವುದೂ ಬೇರೆ ಬೇರೆ ಕೇಳುತ್ತಿರಲಿಲ್ಲ. ಧಾರಾವಾಹಿಯಲ್ಲಿ ಸೊಸೆ ಏನಂದಳು ಎಂದು ತಿಳಿಯಲು ಜೋರು ಮಾಡಬೇಕು, ಹಿನ್ನೆಲೆ ಸಂಗೀತ ಬಂದೊಡನೆ ಓಡಿಹೋಗಿ ಕಡಿಮೆ ಮಾಡಬೇಕು. ಕೂತವರೆಲ್ಲ ಒಂದೇ ಮಾತು ಹೇಳಿದೆವು. ನಿಲ್ಲಿಸಿ.

ಅನಿರುದ್ಧ್ ಕೋಣೆಗೇ ಬಂದರು. "ಮೇಡಂ, ಅಂಗಡಿಯವರು ಇದನ್ನೇ ಕೇಳ್ತಿದ್ದಾರೆ. ಗಿರಾಕಿಗೆ ಎದೆಗೆ ಬಡೀಬೇಕಂತೆ."

"ಗಿರಾಕಿಗೆ ಮಾತು ಕೇಳಿಸ್ಬೇಕು ಸರ್."

"ಅದನ್ನ ಗಿರಾಕಿಯೇ ಹೇಳಲಿ. ಅಂಗಡಿಯಲ್ಲೇ ಪರೀಕ್ಷೆ ಮಾಡೋಣ. ನಿಮ್ಮ ಕಪ್ಪು ಬಟ್ಟೆ, ನಿಮ್ಮ ಮೀಟರು, ಎಲ್ಲಾ ನಿಮ್ಮದೇ. ನೀವು ತಿದ್ದಿಕೊಡೋ ಪೆಟ್ಟಿಗೆ ಒಂದು, ಇದೊಂದು. ಜನ ನಿಮ್ಮದನ್ನ ಆರಿಸಿದ್ರೆ ಲೈನ್ ನಿಲ್ಲುತ್ತೆ. ಇದನ್ನ ಆರಿಸಿದ್ರೆ ಇನ್ಮುಂದೆ ಕೋಣೆ ಅಭಿಪ್ರಾಯ ಕೊಡಲಿ, ನಿಲ್ಲಿಸೋದು ಬೇಡ."

ಒಪ್ಪಿಕೊಂಡೆ. ಯಾಕೆ ಒಪ್ಪಿದೆ ಎಂದು ನಿಂಗರಾಜು ಆಮೇಲೆ ಎಷ್ಟೋ ಸಲ ಕೇಳಿದ. ನಾನು ಜೀವಮಾನವಿಡೀ ನಂಬಿದ್ದೇ ಆ ಬಟ್ಟೆಯ ಪರೀಕ್ಷೆಯನ್ನು. ಅದನ್ನೇ ತಂದು ಮುಂದಿಟ್ಟಾಗ ಬೇಡ ಎನ್ನುವುದು ಹೇಗೆ? ಗೆಲ್ಲುತ್ತೇನೆ ಎಂಬ ಖಾತರಿಯೂ ಇತ್ತು.

ನಿಂಗರಾಜೂ ನಾನೂ ಕೂತು ಒಂದು ಮಾದರಿ ತಿದ್ದಿದೆವು. ಪಟ್ಟಿಯ ನಡುವೆ ದೊಡ್ಡ ಸ್ಪೀಕರ್ ಹಾಕಿ, ಡಬ್ಬದ ಗುದ್ದು ಇಳಿಸಿದೆವು. ಮಾತು ಎಂದರೆ ಮಾತು, ಎದುರಿಗೆ ಕೂತಂತೆ. ರಾಮನಗರದ ಪೇಟೆಯ ಒಂದು ಅಂಗಡಿಯಲ್ಲಿ ಸಂತೆ ಜನ ಓಡಾಡುವ ದಿನ ಇಟ್ಟೆವು. ಮಟ್ಟ ನಾನೇ ಸಮ ಮಾಡಿದೆ. ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದನ್ನೂ ಆಗಾಗ ಬದಲಿಸಿದೆ. ಒಂದು ತುಣುಕು ಮಾತು, ಒಂದು ತುಣುಕು ಹಾಡು. ಅಂಗಡಿಯವರನ್ನು ನಡುವೆ ಮಾತಾಡಲು ಬಿಡಲಿಲ್ಲ. ಅದಕ್ಕಿಂತ ಪ್ರಾಮಾಣಿಕವಾದ ಪರೀಕ್ಷೆಯನ್ನು ನಾನು ಮಾಡಿಲ್ಲ.

ಜನ ಗುದ್ದನ್ನು ಆರಿಸಿದರು. ಒಬ್ಬಿಬ್ಬರಲ್ಲ, ಬಂದವರು ಬಂದಂತೆ. ಹುಡುಗರು, ಗಂಡಸರು, ಹೆಂಗಸರು. ಕಾಲೇಜು ಮೇಷ್ಟ್ರು ಒಬ್ಬರು ನಮ್ಮ ಪೆಟ್ಟಿಗೆ ಕೇಳಿ, "ಇದು ರೇಡಿಯೋ ಥರ ಇದೆ" ಎಂದು ಮುಖ ಸಿಂಡರಿಸಿದರು.

ಮಧ್ಯಾಹ್ನ ಒಬ್ಬರು ವಯಸ್ಸಾದ ಹೆಂಗಸು ಬಂದರು. ಮಗಳ ಮನೆಗೆ ಟಿ.ವಿ. ಕೊಳ್ಳಲು ಬಂದವರು, ಜೊತೆಗೆ ಮಗಳಿದ್ದಳು. ಈ ಅಮ್ಮನಾದರೂ ಮಾತು ಬೇಕು ಎನ್ನುತ್ತಾರೆ ಎಂದು ನನ್ನ ಮನಸ್ಸು ಹೇಳಿತು. ಅವರೂ ಗುದ್ದಿನ ಕಡೆಯೇ ಕೈ ತೋರಿಸಿದರು. ನನಗೆ ತಡೆಯಲಿಲ್ಲ.

"ಯಾಕಮ್ಮ? ಇನ್ನೊಂದ್ರಲ್ಲಿ ಮಾತು ಚೆನ್ನಾಗಿ ಕೇಳಲಿಲ್ವಾ?"

ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ಮಗಳು ಕಿವಿಯ ಹತ್ತಿರ ಹೋಗಿ ಜೋರಾಗಿ ಹೇಳಿದ ಮೇಲೆ ನಕ್ಕರು. "ಮಾತು ಎರಡ್ರಲ್ಲೂ ಕೇಳ್ಳಿಲ್ಲ ಕಣವ್ವ. ಫಿಲೇಚರ್‌ನಲ್ಲಿ ಗೂಡಿಂದ ರೇಷ್ಮೆ ನೂಲು ಬಿಚ್ಚಿ ಬಿಚ್ಚಿ ಮಿಷಿನ್ ಸದ್ದಿಗೆ ಕಿವಿ ಹೋಯ್ತು. ಇದಾದ್ರೆ ಎದೇಗೆ ಬತ್ತೈತೆ. ಏನೋ ನಡೀತೈತೆ ಅಂತಾನಾದ್ರೂ ಗೊತ್ತಾಯ್ತದೆ."

ರೇಷ್ಮೆ ಬಿಚ್ಚಿದವರು, ಕಲ್ಲು ಕ್ವಾರಿಯವರು, ಟ್ರ್ಯಾಕ್ಟರಿನವರು, ಹಾರೋಹಳ್ಳಿಯ ಪ್ರೆಸ್ ಮಿಷಿನ್ನಿನವರು. ಇಡೀ ಜಿಲ್ಲೆ ಕಿವಿ ತೆತ್ತು ಕೂಲಿ ತಂದಿತ್ತು. ನಾನೊಬ್ಬಳು ಮೆತ್ತೆಯ ಗೋಡೆಯ ನಡುವೆ ಕೂತು ಕಿವಿ ಉಳಿಸಿಕೊಂಡು, ಅದೇ ಎಲ್ಲರ ಕಿವಿ ಎಂದುಕೊಂಡಿದ್ದೆ.

ಅನಿರುದ್ಧ್ ಹಿಗ್ಗಲಿಲ್ಲ. "ಟೆಸ್ಟ್ ನೀವೇ ಮಾಡಿದ್ದು ಮೇಡಂ" ಎಂದಷ್ಟೇ ಹೇಳಿ ಕಾರು ಹತ್ತಿದರು. ವ್ಯಾನಿನಲ್ಲಿ ವಾಪಸು ಬರುವಾಗ ನಿಂಗರಾಜು ಸಮಾಧಾನ ಮಾಡಲು ನೋಡಿದ. "ಬುಡಕ್ಕ. ಮಾತು ಮನೇಲಿ ಬಿಟ್ಟಿ ಸಿಗ್ತೈತೆ. ಗುದ್ದು ಸಿಗಲ್ಲ, ಅದ್ಕೆ ಕಾಸು ಕೊಡ್ತಾರೆ." ನಾನು ನಗಲಿಲ್ಲ.

ಅಂಗಡಿಯಲ್ಲಿ ಅರೆಗಳಿಗೆ ಕೇಳುವುದು ಬೇರೆ, ಮನೆಯಲ್ಲಿ ವರ್ಷಗಟ್ಟಲೆ ಕೇಳುವುದು ಬೇರೆ. ಆ ಬುದ್ಧಿ ಆಮೇಲೆ ಬಂತು. ಪೆಟ್ಟಿಗೆಗಳನ್ನು ಕೆಲವು ಮನೆಗಳಲ್ಲಿ ಒಂದು ತಿಂಗಳು ಇಟ್ಟು ಕೇಳೋಣ ಎಂದೆ. ಟೈಮಿಲ್ಲ ಮೇಡಂ ಎಂದರು ಅನಿರುದ್ಧ್. ಇಟ್ಟಿದ್ದರೆ ಗೆಲ್ಲುತ್ತಿದ್ದೆನೇ? ಮೊದಲಾಗಿದ್ದರೆ ಹೌದು ಎನ್ನುತ್ತಿದ್ದೆ.

ಲೈನು ನಿಲ್ಲಲಿಲ್ಲ. ಆಮೇಲೆ ಯಾವತ್ತೂ ನಿಲ್ಲಲಿಲ್ಲ. ಮೈಕು, ಕಂಪ್ಯೂಟರು ಬಂದು ನಾವು ಒಂದು ದಿನ ಕೂತು ಕೇಳುವುದನ್ನು ಕಣ್ಣು ಮಿಟುಕಿಸುವುದರಲ್ಲಿ ಪರದೆಯ ಮೇಲೆ ಗೆರೆ ಎಳೆದು ತೋರಿಸತೊಡಗಿದವು. ಮಿಷಿನ್ ಬಂದು ನಮ್ಮ ಅನ್ನ ಕಿತ್ತುಕೊಂಡಿತು ಎಂದು ಬರೆಯಲಾರೆ. ಅದು ಸುಳ್ಳು. ಮಾತು ಬರುವ ಜಾಗದಲ್ಲಿ ಗೆರೆ ಗುಂಡಿ ಬಿದ್ದಿರುವುದನ್ನು ಆ ಮಿಷಿನ್ನೂ ತೋರಿಸುತ್ತಿತ್ತು. ಅದರ ಮಾತನ್ನೂ ಯಾರೂ ಕೇಳಲಿಲ್ಲ.

ಕೋಣೆಯನ್ನು ಮಾತ್ರ ಮುಚ್ಚಲಿಲ್ಲ. ಯಾಕೆ ಎನ್ನುವುದು ಪೆಟ್ಟಿಗೆಯ ಮೇಲೆ ಅಚ್ಚಾಗಿ ಬಂದಾಗ ಗೊತ್ತಾಯಿತು. ರಟ್ಟಿನ ಮೇಲೆ ದಪ್ಪಕ್ಷರದಲ್ಲಿ, "ನುರಿತ ಕಿವಿಗಳು ಕೇಳಿ ಪರೀಕ್ಷಿಸಿದ್ದು." ಅದನ್ನು ಹಿಡಿದುಕೊಂಡು ಅನಿರುದ್ಧ್ ಹತ್ತಿರ ಹೋದೆ.

"ಇದು ತಪ್ಪು ಸರ್. ನಾವು ಬೇಡ ಅಂದಿದ್ವಿ."

"ಕೇಳಿದ್ರಿ ಅಲ್ವಾ ಮೇಡಂ? ಪರೀಕ್ಷೆ ಮಾಡಿದ್ರಿ ಅಲ್ವಾ? ಇದ್ರಲ್ಲಿ ಸುಳ್ಳು ಯಾವುದು, ತೋರಿಸಿ."

ತೋರಿಸಲು ಒಂದಕ್ಷರವೂ ಇರಲಿಲ್ಲ. ಉಳಿದ ವರ್ಷಗಳು ದಿನಾ ಹೋಗಿ ಕೂತೆ, ಕೇಳಿದೆ, ಅಂಬಲಿ ಎಂದೆ, ಮನೆಗೆ ಬಂದೆ. ಹೊರಡುವ ದಿನ ಹಾರ ಹಾಕಿ ಒಂದು ಸೌಂಡ್‌ಬಾರನ್ನೇ ಉಡುಗೊರೆ ಕೊಟ್ಟರು. ಅದನ್ನು ನಿಂಗರಾಜುವಿಗೆ ಕೊಟ್ಟುಬಿಟ್ಟೆ. "ನಾನೇನ್ ಪಾಪ ಮಾಡಿದ್ನಕ್ಕಾ" ಎನ್ನುತ್ತಲೇ ತಗೊಂಡ.

ನನ್ನ ತಂಗಿ ಗೌರಿಯನ್ನು ಕೂಟಗಲ್‌ಗೆ ಕೊಟ್ಟಿದೆ. ಹೋದ ವರ್ಷ ಅವಳ ಮನೆಗೆ ಹೋದಾಗ ಟಿ.ವಿ. ಕೆಳಗೆ ಅದೇ ಪಟ್ಟಿ, ನೆಲದ ಮೇಲೆ ಅದೇ ಡಬ್ಬ. ರಟ್ಟಿನ ಪೆಟ್ಟಿಗೆಯನ್ನೂ ಬಿಸಾಡದೆ ಬೀರುವಿನ ಮೇಲಿಟ್ಟಿದ್ದಳು, ಅಕ್ಷರ ಕಾಣುವ ಹಾಗೆ.

"ನಿನ್ ಕಂಪ್ನೀದು ಅಂತ್ಲೇ ತಗೊಂಡಿದ್ದು ಕಣಕ್ಕ. ಬೇರೆದು ತೋರ್ಸಿದ್ರು, ಬ್ಯಾಡ ಅಂದೆ."

ಆ ಹೊತ್ತಿಗೆ ಪಕ್ಕದ ಮನೆಯ ಶಿವಣ್ಣ ಬಂದರು, ಏನೋ ಹಾರೆ ಕೇಳಲು. ಗೌರಿ ಅವರನ್ನು ಕೂರಿಸಿ, ಜೋರಾಗಿ ಒಂದು ಹಾಡು ಹಾಕಿದಳು. ಕಿಟಕಿಯ ಸರಳು ನಡುಗಿತು. "ನೋಡಣ್ಣ, ಇದ್ನ ಪಾಸ್ ಮಾಡಿರೋದು ನಮ್ಮಕ್ಕನೇಯ. ರಟ್ಟಲ್ಲಿ ಬರ್ದವ್ರಲ್ಲ, ಆ ಕಿವಿ ಇವಳ್ದೇ."

ಶಿವಣ್ಣ ನನ್ನ ಕಡೆ ತಿರುಗಿದರು. "ಹಂಗಾದ್ರೆ ನಾನೂ ಒಂದು ತರ್ಬೋದಾ ಅಕ್ಕಾವ್ರೇ?"

ತಂಗಿಯ ಮುಖ ನೋಡಿದೆ. ಅಷ್ಟು ಹೆಮ್ಮೆ ನನ್ನ ಡಿಗ್ರಿಯ ದಿನವೂ ಆ ಮುಖದಲ್ಲಿ ಕಂಡಿರಲಿಲ್ಲ. ಹೂಂ ಎಂದರೆ ಮುಗಿಯುತ್ತಿತ್ತು.

"ನಾನು ಪಾಸ್ ಮಾಡ್ಲಿಲ್ಲ ಶಿವಣ್ಣ. ಬೇಡ ಅಂದಿದ್ದೆ. ಇದ್ರಲ್ಲಿ ಮಾತು ಕೇಳಲ್ಲ."

ಶಿವಣ್ಣ ಡಬ್ಬದ ಮೇಲೆ ಅಂಗೈ ಇಟ್ಟು ನೋಡಿದರು. "ಇರ್ಲಿ ಬುಡಿ ಅಕ್ಕಾವ್ರೇ. ಗುದ್ದು ಚೆನ್ನಾಗೈತೆ." ಮುಂದಿನ ವಾರವೇ ತಂದರಂತೆ.

ಗೌರಿ ಹಾಡು ನಿಲ್ಲಿಸಿದಳು. ಊಟಕ್ಕೆ ಬಡಿಸಿದಳು, ಎರಡನೆ ಸಲ ಸಾರು ಹಾಕಿದಳು. ಈಗ ನಾನು ಹೋದಾಗಲೆಲ್ಲ ಡಬ್ಬದ ಮೇಲೆ ಒಂದು ಟವೆಲ್ ಹೊದಿಸಿರುತ್ತಾಳೆ. ಟಿ.ವಿ.ಯ ಸ್ವಂತ ಸ್ಪೀಕರಿನಲ್ಲೇ ಧಾರಾವಾಹಿ ನೋಡುತ್ತೇವೆ. ಅದರ ಮಾತು ತೆಳುವಾಗಿದ್ದರೂ ಒಂದೊಂದೂ ಕೇಳುತ್ತದೆ. ಸಂಜೆ ಬಸ್ಸಿನ ಹೊತ್ತಿಗೆ ಅವಳು ಬಾಗಿಲ ತನಕ ಬಂದು, ಹುಷಾರು ಕಣಕ್ಕ ಎಂದು ಒಳಗೆ ಹೋಗುತ್ತಾಳೆ. ನಾನು ಬೀದಿಯ ತಿರುವು ಮುಟ್ಟುವುದರೊಳಗೆ ಗುದ್ದು ಶುರುವಾಗುತ್ತದೆ. ಅದರ ಜೊತೆ ಶಿವಣ್ಣನ ಮನೆಯದೂ. ಬಸ್ ಸ್ಟಾಪಿನ ತನಕ ಎರಡೂ ನನಗೆ ಬೇರೆ ಬೇರೆಯಾಗಿ ಕೇಳುತ್ತವೆ.